ಬಲ್ಬಿನ ಕೆಳಗೆ ಬೆಳೆದ ಮರಿಗಳನ್ನು ತೋಟಕ್ಕೆ ಬಿಟ್ಟದ್ದು

ಮರಿಯ ಬೆನ್ನಿನ ಮೇಲೆ ಊದಿ ನೋಡಬೇಕು. ಊದಿದಾಗ ಕೆಂಪು ಚರ್ಮ ಕಂಡರೆ ಅದನ್ನು ಇನ್ನೂ ಹೊರಗೆ ಬಿಡುವ ಹಾಗಿಲ್ಲ. ಹಳದಿ ನವಿರು ಉದುರಿ, ಬೆನ್ನು ತುಂಬ ಗಟ್ಟಿ ಪುಕ್ಕ ಬಂದ ಮೇಲೆಯೇ ಅದು ಗಾಳಿ, ಚಳಿ ತಡೆಯುತ್ತದೆ. ಇದೊಂದನ್ನು ನೋಡುವುದಕ್ಕೆ ನಾನು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆಯಿಂದ ದಿನಾ ಬೆಳಿಗ್ಗೆ ಸ್ಕೂಟರ್ ಹತ್ತಿ ಕೋರ ಊರಿನ ಆಚೆ ಇರುವ ಅಣ್ಣನ ತೋಟಕ್ಕೆ ಹೋಗುತ್ತಿದ್ದೆ. ಹೊಲಿಯಬೇಕಾದ ಬ್ಲೌಸುಗಳು ಮಿಷನ್ ಪಕ್ಕದಲ್ಲಿ ರಾಶಿ ಬಿದ್ದಿರುತ್ತಿದ್ದವು. ನಾನು ಇಲ್ಲಿ ಕೋಳಿಮರಿಯ ಬೆನ್ನು ಊದುತ್ತ ಕೂತಿರುತ್ತಿದ್ದೆ.

ಮರಿಗಳು ನನ್ನವಲ್ಲ, ಅತ್ತಿಗೆಯವು. ಅತ್ತಿಗೆ ವಸಂತನರಸಾಪುರದ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಲೈನಿನಲ್ಲಿ ನಿಂತು ಕೆಲಸ ಮಾಡುತ್ತಿದ್ದರು. ನಿಂತು ಎಂದರೆ ಶಿಫ್ಟ್ ಪೂರ್ತಿ ನಿಂತೇ. ಎರಡೂ ಮಂಡಿ ಊದಿಕೊಂಡು, ಮನೆಗೆ ಬಂದರೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದರು. ನಿಲ್ಲುವ ಕೆಲಸ ಬಿಡಿ ಎಂದು ಡಾಕ್ಟರು ಹೇಳಿದ್ದರು. ಅಣ್ಣ ಲಾರಿ ಓಡಿಸುವವನು, ಮನೆಯಲ್ಲಿ ಇರುವುದೇ ಅಪರೂಪ. ಕಂಪನಿಗೆ ಜನ ಒದಗಿಸುವ ಕಾಂಟ್ರಾಕ್ಟಿನ ಸೂಪರ್‌ವೈಸರು, ಹೊಸ ಕಾಂಟ್ರಾಕ್ಟ್ ಶುರುವಾಗುವುದರೊಳಗೆ ಹೆಸರು ಕೊಡುತ್ತೀಯೋ ಇಲ್ಲವೋ ಹೇಳು ಎಂದಿದ್ದ. ಹೆಸರು ಕೊಟ್ಟರೆ ಇನ್ನೊಂದು ವರ್ಷ ಅದೇ ಲೈನು, ಅದೇ ನೆಲ. ಕೊಡದೆ ಇರಬೇಕೆಂದರೆ ಕೈಯಲ್ಲಿ ಬೇರೊಂದು ಕೆಲಸ ಇರಬೇಕು. ಆ ಬೇರೊಂದು ಕೆಲಸ ಎಂದರೆ ಈ ಕೋಳಿಗಳೇ. ತೆಂಗಿನ ತೋಟದಲ್ಲಿ ಮೇಯ್ದು ಬೆಳೆದ ಕೋಳಿಯ ಮೊಟ್ಟೆಗೆ ತುಮಕೂರಿನಲ್ಲಿ ಗಿರಾಕಿ ಇದ್ದಾರೆ. ಆದರೆ ಅವು ಮೊದಲು ಮೇಯಬೇಕು, ಮೇಯ್ದು ಸಂಜೆ ಜೀವಸಹಿತ ವಾಪಸ್ ಬರಬೇಕು.

ನನ್ನನ್ನು ಇದಕ್ಕೆ ಎಳೆದದ್ದು ಯಾಕೆಂದರೆ, ಮದುವೆಗೆ ಮುಂಚೆ ನಾನು ಕುಣಿಗಲ್ ರಸ್ತೆಯ ಒಂದು ಹ್ಯಾಚರಿಯಲ್ಲಿ ದುಡಿದಿದ್ದೆ. ನಿನಗೆ ಕೋಳಿ ವಿಷಯ ಎಲ್ಲಾ ಗೊತ್ತು ಎಂದು ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟರು. ಹ್ಯಾಚರಿಯಲ್ಲಿ ಮರಿ ಮೊಟ್ಟೆಯಿಂದ ಬಂದ ದಿನವೇ ಡಬ್ಬದಲ್ಲಿ ಕೂತು ಗಾಡಿ ಹತ್ತುತ್ತದೆ. ಅದನ್ನು ಹೊರಗೆ ಬಿಡುವುದು ಹೇಗೆ ಎನ್ನುವುದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಇದನ್ನು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಗುಬ್ಬಿ ಕಡೆಯಿಂದ ನೂರೈವತ್ತು ಮರಿ ತಂದೆವು. ಮೊದಲ ವಾರಗಳು ನನಗೆ ಗೊತ್ತಿದ್ದ ಕೆಲಸವೇ. ತಗಡನ್ನು ಸುತ್ತ ನಿಲ್ಲಿಸಿ, ನೆಲಕ್ಕೆ ಭತ್ತದ ಹೊಟ್ಟು ಹರಡಿ, ಮೇಲೆ ಬಲ್ಬು ಇಳಿಬಿಟ್ಟೆವು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ಬಲ್ಬು ಇಳಿಸಬೇಕು. ತಗಡಿನ ಅಂಚಿಗೆ ಹೋಗಿ ಬಾಯಿ ಕಳೆದು ನಿಂತರೆ ಸೆಕೆ, ಏರಿಸಬೇಕು. ವಾರ ಕಳೆದಂತೆ ಬಲ್ಬು ಮೇಲಕ್ಕೆ ಹೋಯಿತು, ತಗಡು ಅಗಲವಾಯಿತು. ಕಣ್ಣಿಗೆ ಹನಿ ಹಾಕುವ ಲಸಿಕೆ ಆಯಿತು. ಸತ್ತದ್ದು ಕಡಿಮೆ. ಅಷ್ಟರ ಮಟ್ಟಿಗೆ ನಾನು ಜಾಣೆ.

ಅವ್ವನಿಗೆ ಮಾತ್ರ ಇದೆಲ್ಲ ತಮಾಷೆ. ಅವ್ವ ಅಣ್ಣ ಅತ್ತಿಗೆ ಜೊತೆ ತೋಟದ ಮನೆಯಲ್ಲೇ ಇರುವುದು. ಅವಳ ಕೈಯಲ್ಲಿ ಎಷ್ಟು ಕೋಳಿ ಬೆಳೆದವೋ ಲೆಕ್ಕವಿಲ್ಲ.

"ನಮ್ ಕಾಲ್ದಲ್ಲಿ ಕರೆಂಟು ಎಲ್ಲಿತ್ತೆ? ಮೊಟ್ಟೆ ಒಡ್ದು ಎರಡ್ ಮೂರ್ ದಿನಕ್ಕೆ ತಿಪ್ಪೆ ಮೇಲೆ ಇರ್ತಿದ್ವು," ಎನ್ನುತ್ತಿದ್ದಳು.

"ಅವುಕ್ಕೆ ತಾಯಿ ಕೋಳಿ ಇತ್ತಲ್ಲವ್ವ."

"ಇವುಕ್ಕೆ ನೀನಿದೀಯಲ್ಲ. ನೀನೂ ಒಂದ್ ನಾಕ್ ಸಲ ಕೊಕ್ಕೊಕ್ಕೋ ಅನ್ನು."

ನಗು ಬಂದರೂ ವಿಷಯ ಅಲ್ಲೇ ಇತ್ತು. ತಾಯಿಯ ಹಿಂದೆ ಹೋಗುವ ಮರಿಗೆ ಹದ್ದು ಬಂದರೆ ತಾಯಿ ಕೂಗುತ್ತದೆ, ಮರಿ ರೆಕ್ಕೆ ಕೆಳಗೆ ನುಗ್ಗುತ್ತದೆ. ಕತ್ತಲಾದರೆ ತಾಯಿ ಎಲ್ಲಿ ಕೂರುತ್ತದೋ ಮರಿಯೂ ಅಲ್ಲಿ ಕೂರುತ್ತದೆ. ಹ್ಯಾಚರಿಯ ಮಿಷನ್ನಿನಲ್ಲಿ ಹುಟ್ಟಿದ ಇವಕ್ಕೆ ಇದನ್ನೆಲ್ಲ ಹೇಳಿಕೊಡಲು ಯಾರೂ ಇರಲಿಲ್ಲ. ಮೇಲೆ ಹದ್ದು ಸುತ್ತುತ್ತಿದ್ದರೆ ಇವು ಕತ್ತು ಓರೆ ಮಾಡಿ ನೋಡುತ್ತ ನಿಲ್ಲುತ್ತಿದ್ದವು.

ಪುಕ್ಕ ಬಂದ ಮೇಲೆ ಶೆಡ್ಡಿನ ಮುಂದೆ ಬಲೆ ಕಟ್ಟಿ ಒಂದು ಅಂಗಳ ಮಾಡಿದೆ. ಮೇಲೂ ಬಲೆ, ಸುತ್ತಲೂ ಬಲೆ. ಇಬ್ಬನಿ ಆರಿ ನೆಲ ಒಣಗಿದ ಮೇಲೆ ಸ್ವಲ್ಪ ಹೊತ್ತು ಅದರೊಳಗೆ ಬಿಟ್ಟು, ಬಿಸಿಲು ಏರುವಷ್ಟರಲ್ಲಿ ಒಳಗೆ ಅಟ್ಟುವುದು. ತೆಂಗಿನ ಗರಿಗಳನ್ನು ಒಂದಕ್ಕೊಂದು ಒರಗಿಸಿ ಅಲ್ಲಲ್ಲಿ ನೆರಳಿನ ಗುಡ್ಲು ಮಾಡಿದೆ, ಹೆದರಿದರೆ ನುಗ್ಗಲಿ ಎಂದು. ಕೊಕ್ಕರೆ ರೋಗಕ್ಕೆ ರೆಕ್ಕೆಯ ಹತ್ತಿರ ಚುಚ್ಚುವ ಲಸಿಕೆ ಇನ್ನೂ ಬಾಕಿ ಇತ್ತು. ಅದನ್ನು ಹಾಕಿ ಒಂದು ವಾರ ಕಳೆದ ಮೇಲೆ ಬಲೆ ತೆಗೆದು ತೋಟಕ್ಕೆ ಬಿಡುವುದು ಎಂದು ನನ್ನ ಲೆಕ್ಕ. ರಾತ್ರಿ ಬಲ್ಬು ಬೇಕಿಲ್ಲದಷ್ಟು ದೊಡ್ಡವಾಗಿದ್ದವು, ಹಾಗಾಗಿ ಅದನ್ನೂ ಕಳಚಿ ಇಟ್ಟೆ. ಕರೆಂಟು ಉಳಿಯಿತು ಎಂದು ಅವ್ವ ಸಂತೋಷಪಟ್ಟಳು.

ಲಸಿಕೆ ತರುವ ದಿನ ನಾನು ತುಮಕೂರಿನ ಪಶು ಆಸ್ಪತ್ರೆಯಲ್ಲಿ ಕಾಯುತ್ತ ಕೂತಿದ್ದೆ. ಫ್ಲಾಸ್ಕಿನಲ್ಲಿ ಐಸ್ ಕರಗುತ್ತಿತ್ತು, ಡಾಕ್ಟರು ಯಾವುದೋ ಹಳ್ಳಿಗೆ ಹಸು ನೋಡಲು ಹೋಗಿದ್ದರು. ಆಗ ಅವ್ವನ ಫೋನು.

"ಮರಿ ಒಂದೇ ಸಮ ಬಡ್ಕತಾವೆ ಕಣೆ. ಇಬ್ನಿ ಆರೋಯ್ತು. ನೀನ್ಯಾವಾಗ ಬರದು?"

"ಲೇಟಾಯ್ತದವ್ವ. ಇವತ್ತೊಂದಿನ ಬುಟ್ಬುಡು."

"ಬುಟ್ಬುಡ್ಲಾ?"

"ಹೂಂ, ಬುಟ್ಬುಡು."

"ಎಲ್ಲಾನೂ?"

"ಎಲ್ಲಾ ಬುಟ್ಬುಡವ್ವ. ನಾನು ಬಂದು ನೋಡ್ಕತೀನಿ."

ನಾನು ಹೇಳಿದ್ದು, ಇವತ್ತು ಆ ಕೆಲಸ ಬೇಡ, ಬಿಟ್ಟುಬಿಡು ಎಂದು. ಅವ್ವ ಕೇಳಿಸಿಕೊಂಡದ್ದು, ಕೋಳಿಗಳನ್ನೆಲ್ಲ ಬಿಟ್ಟುಬಿಡು ಎಂದು. ಎಷ್ಟು ವಾರದಿಂದ ಅವಳು ಬಯಸುತ್ತಿದ್ದ ಮಾತು ಅದು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಬಲೆಯ ಒಂದು ಬದಿ ಬಿಚ್ಚಿ ಸುತ್ತಿಟ್ಟು, ಬಾಗಿಲು ತೆರೆದಳು. ಅವಳ ಮೇಲೆ ತಪ್ಪು ಹೊರಿಸಲು ನಾನು ಎಷ್ಟು ತಿಣುಕಿದರೂ ಆಗಲಿಲ್ಲ.

ಲಸಿಕೆ ಸಿಕ್ಕಿ ನಾನು ಹೊರಟಾಗ ಸಂಜೆಯಾಗಿತ್ತು. ತೋಟಕ್ಕೆ ಬಂದರೆ ಅವ್ವ ಬೇಲಿ ಹತ್ತಿರ ಕೋಲು ಹಿಡಿದು ಕೂತಿದ್ದಳು. ಇಡೀ ದಿನ ಊಟಕ್ಕೂ ಏಳದೆ ಕಾದಿದ್ದಳು. ಹದ್ದು ಎರಡೋ ಮೂರೋ ಎತ್ತಿಕೊಂಡು ಹೋಗಿತ್ತು, ಅದನ್ನು ದೊಡ್ಡ ವಿಷಯ ಎಂದು ಅವಳು ಎಣಿಸಿರಲಿಲ್ಲ.

"ಎಷ್ಟ್ ಚೆಂದಾಗಿ ಕೆರ್ಕಂಡ್ ಮೇದ್ವು ಗೊತ್ತಾ? ಒಂದೊಂದರ ಹೊಟ್ಟೆ ನೋಡು," ಎಂದಳು.

ಒಳಗೆ ಅಟ್ಟೋಣ ಬಾ ಎಂದರೆ, "ಯಾಕ್ ಅಟ್ಟೀಯೆ? ಕತ್ಲಾಗ್ಲಿ, ತಾವೇ ಬತ್ತವೆ," ಎಂದಳು. ಅವಳು ಕಂಡ ಕೋಳಿಗಳೆಲ್ಲ ಹಾಗೇ ಬಂದಿದ್ದವು.

ಕತ್ತಲಾಗತೊಡಗಿತು. ಮರಿಗಳು ಶೆಡ್ಡಿನ ಕಡೆ ಬಂದವು, ಬಾಗಿಲಲ್ಲಿ ನಿಂತು ಒಳಗೆ ಇಣುಕಿದವು, ತಿರುಗಿದವು. ಒಳಗೆ ಕತ್ತಲು. ಹುಟ್ಟಿದಾಗಿನಿಂದ ನಾನು ಕಳಚುವವರೆಗೂ ಅವಕ್ಕೆ ಸಂಜೆ ಎಂದರೆ ಬಲ್ಬು. ತೋಟದ ಬೇಲಿಯ ಆಚೆ ಹೊಸ ಲೇಔಟಿಗೆ ರಸ್ತೆ ಮಾಡುತ್ತಿದ್ದರು. ಕೆಲಸದವರ ಶೆಡ್ಡಿನ ಮುಂದೆ ಕಂಬಕ್ಕೆ ಕಟ್ಟಿದ ಫೋಕಸ್ ಲೈಟು ಹತ್ತಿಕೊಂಡಿತು. ಮರಿಗಳೆಲ್ಲ ಒಟ್ಟಾಗಿ ಬೇಲಿಯ ಕಂಡಿಯಲ್ಲಿ ನುಸುಳಿ ಆ ಲೈಟಿನ ಕಡೆ ನಡೆದವು. ನಾನು ಅಡ್ಡ ಓಡಿದರೆ ನನ್ನ ಎರಡೂ ಪಕ್ಕದಲ್ಲಿ ಹಾದುಹೋದವು. ಹೈವೇ ಬದಿಯ ನಾಯಿಗಳು ಆ ಶೆಡ್ಡಿನ ಎಂಜಲಿಗೆ ಬಂದು ಕೂರುವ ಹೊತ್ತೂ ಅದೇ.

ಅತ್ತಿಗೆ ಆಗ ತಾನೇ ಕಂಪನಿ ಬಸ್ಸಿನಿಂದ ಇಳಿದು ನಡೆದು ಬರುತ್ತಿದ್ದರು. ನಾಯಿಗಳ ಗದ್ದಲಕ್ಕೆ ಟಿಫಿನ್ ಬ್ಯಾಗು ಬೀಸುತ್ತ ಆ ಮಂಡಿಯಲ್ಲೇ ಓಡಿ ಬಂದರು. ಕೆಲಸದವರೂ ಕಲ್ಲು ತೂರಿದರು. ಸಿಕ್ಕಿದ ಮರಿಗಳನ್ನು ಗೋಣಿಚೀಲಕ್ಕೆ, ಸೆರಗಿಗೆ ತುಂಬಿಕೊಂಡೆವು. ಚೀಲದೊಳಗೆ ಕೈ ಹಾಕಿದಾಗ ಕೆಲವು ಆಗಲೇ ತಣ್ಣಗಿದ್ದವು. ಅರ್ಧದಷ್ಟು ಉಳಿದಿರಬಹುದು, ಅಷ್ಟೇ.

ಮನೆಗೆ ಬಂದು ನಾನು ಅವ್ವನ ಮೇಲೆ ಕಿರುಚಾಡಿದೆ.

"ನೀನೇ ಬುಟ್ಬುಡು ಅಂದಲ್ಲೇ. ಎರಡ್ ಸಲ ಕೇಳ್ದೆ. ಎಲ್ಲಾ ಬುಟ್ಬುಡು ಅಂದೆ," ಎಂದು ಅವಳು ಅತ್ತಳು.

ನಾನು ಯಾವ ಅರ್ಥದಲ್ಲಿ ಅಂದೆ ಎಂದು ವಿವರಿಸಲು ಹೋದೆ. ಅತ್ತಿಗೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಇಬ್ಬರ ಮಾತನ್ನೂ ಕೇಳಿದರು. ಕೇಳುತ್ತ ಕೇಳುತ್ತ ನಗಲು ಶುರುಮಾಡಿದರು. ಸುಸ್ತಾದವರ ನಗು ಅದು, ನಿಲ್ಲಿಸಲು ಅವರಿಗೇ ಆಗಲಿಲ್ಲ. ನಿಂತ ಮೇಲೆ, "ನಾಳೆ ಫೋನ್ ಮಾಡಿ ಹೆಸ್ರು ಕೊಟ್ಬುಡ್ತೀನಿ. ಸಾಕು," ಎಂದರು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಲಸಿಕೆ ಚುಚ್ಚುವ ಕೆಲಸಕ್ಕೆ ಕೂತೆವು. ತಂದದ್ದನ್ನು ಐಸಿನಲ್ಲಿ ಇಟ್ಟಿದ್ದೆ, ಹಾಳು ಮಾಡುವಂತಿರಲಿಲ್ಲ. ಅತ್ತಿಗೆಗೆ ವಾರದ ರಜೆ. ಅವರು ಮರಿ ಹಿಡಿದು ರೆಕ್ಕೆ ಬಿಡಿಸಿ ಕೊಡುವುದು, ನಾನು ಚುಚ್ಚುವುದು. ನಡುವೆ ಅವರು ಮಾತೆತ್ತಿದರು.

"ಒಂದ್ ವಿಷ್ಯ ಹೇಳು. ನಮ್ ಲೈನಿಗೆ ಹೊಸಬ್ರು ಬಂದ್ರೆ ಮೊದ್ಲೇ ಫುಲ್ ಶಿಫ್ಟು ನಿಲ್ಸಲ್ಲ. ಶಿಫ್ಟ್ ಮುಗಿಯಾಕೆ ಸ್ವಲ್ಪ ಮುಂಚೆ ಕರ್ಕಂಡ್ ಬಂದು ನಿಲ್ಸ್ತಾರೆ. ಕೆಲ್ಸ ನೋಡ್ಕಂಡು ಎಲ್ರ ಜೊತೇಲಿ ಹೊರಡ್ತಾರೆ. ನೀನ್ಯಾಕೆ ಬೆಳಿಗ್ಗೆನೇ ಬಿಡ್ಬೇಕು ಅಂತೀಯ?"

ನಾನು ಸಿರಿಂಜು ಹಿಡಿದುಕೊಂಡೇ ಯೋಚಿಸಿದೆ. ಬೆಳಿಗ್ಗೆ ಯಾಕೆ ಎಂದರೆ, ಕೋಳಿ ಬಿಡುವುದು ಬೆಳಿಗ್ಗೆ, ಮುಚ್ಚುವುದು ಸಂಜೆ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ. ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ.

"ಸಂಜೆ ಬಿಟ್ರೆ ದೂರ ಹೋಗಾಕೆ ಟೈಮೇ ಇರಲ್ಲ ಕಣತ್ತಿಗೆ," ಎಂದೆ.

"ಅದ್ನೇ ನಾನೂ ಹೇಳ್ತಿರದು."

"ಹೆಸ್ರು ಕೊಟ್ರಾ?"

"ಫೋನು ಎತ್ತಲಿಲ್ಲ ಆತ. ಕಾಂಟ್ರಾಕ್ಟ್ ಶುರುವಾಗಾಕೆ ಇನ್ನೂ ಟೈಮಿದೆ. ನೋಡಣ, ಅಲ್ಲೀವರ್ಗೂ," ಎಂದು ಇನ್ನೊಂದು ಮರಿ ಹಿಡಿದು ಕೊಟ್ಟರು.

ಹೀಗೆ ಎಲ್ಲವನ್ನೂ ಮೊದಲಿಂದ ಶುರುಮಾಡಿದೆವು. ಬಲೆಯನ್ನು ಬಿಗಿಯಾಗಿ ಕಟ್ಟಿದೆ. ಲಸಿಕೆ ಹಿಡಿಯುವ ತನಕ ಮರಿಗಳನ್ನು ಶೆಡ್ಡಿನಲ್ಲೇ ಕೂಡಿಹಾಕಿದೆವು. ಮೇವು, ನೀರು, ಕೂತು ಮಲಗುವ ಅಡ್ಡಕೋಲುಗಳು ಎಲ್ಲವೂ ಒಳಗೇ ಇದ್ದರೆ ಮನೆ ಎಲ್ಲಿದೆ ಎಂದು ಅವಕ್ಕೆ ತಲೆಗೆ ಹೋಗುತ್ತದೆ. ಬಲ್ಬನ್ನು ಮತ್ತೆ ತೂಗುಹಾಕಿದೆ, ಈ ಸಲ ಬಾಗಿಲಿಗೆ ಎದುರಾಗಿ ಒಳಗಿನ ಗೋಡೆಗೆ. ಬೇಲಿಯ ಆ ಬದಿಗೆ ಅವ್ವ ತಾನೇ ಕೂತು ಗರಿಗಳನ್ನು ಹೆಣೆದು ಒತ್ತಾಗಿ ಕಟ್ಟಿದಳು. ಲೇಔಟಿನ ಮೇಸ್ತ್ರಿಯನ್ನು ಕೇಳಿಕೊಂಡಾಗ ಲೈಟನ್ನು ಆ ಕಡೆ ತಿರುಗಿಸಿದ. ನಾಯಿ ಬಂದ ದಿನದ ಗಲಾಟೆ ಅವನೂ ನೋಡಿದ್ದ.

ಕೂಡಿಹಾಕಿದ್ದರಿಂದ ಇನ್ನೊಂದು ಕಷ್ಟ ಬಂತು. ಮಳೆ ಹಿಡಿದು ನೆಲದ ಹೊಟ್ಟು ತೇವವಾಯಿತು. ಒಂದು ಬೆಳಿಗ್ಗೆ ಹಿಕ್ಕೆಯಲ್ಲಿ ರಕ್ತ ಕಂಡಿತು. ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದವು. ರಕ್ತಭೇದಿ. ಡಾಕ್ಟರು ನೀರಿಗೆ ಹಾಕುವ ಔಷಧಿ ಕೊಟ್ಟರು. ಹೊಟ್ಟನ್ನೆಲ್ಲ ಬಾಚಿ ಹೊರಗೆ ಹಾಕಿ, ಸುಣ್ಣ ಎರಚಿ, ಒಣ ಹೊಟ್ಟು ತುಂಬಿದೆ. ಇಷ್ಟಾದರೂ ಕೆಲವು ಸತ್ತವು. ಅವತ್ತು ಮನೆಗೆ ಹೋಗಿ ಮಿಷನ್ ಮುಂದೆ ಕೂತವಳು ಅಲ್ಲೇ ತಲೆ ಇಟ್ಟು ನಿದ್ದೆ ಹೋದೆ. ಬ್ಲೌಸ್ ಕೇಳಲು ಬಂದ ಗಿರಾಕಿ ಎಬ್ಬಿಸಿ ಬೈದು ಹೋದಳು. ನಿಜ ಹೇಳಬೇಕೆಂದರೆ, ಉಳಿದವೂ ಸತ್ತುಹೋದರೆ ನನಗೆ ಬಿಡುಗಡೆ ಎಂದು ಆ ಮಧ್ಯಾಹ್ನ ಅನಿಸಿತ್ತು.

ಮಳೆ ನಿಂತು ನೆಲ ಒಣಗಿದ ಮೇಲೆ ಬಿಡುವುದಕ್ಕೆ ಶುರುಮಾಡಿದೆವು. ಮಧ್ಯಾಹ್ನದ ಮೇವು ಕೊಡಲಿಲ್ಲ, ಹಸಿದಿರಬೇಕು. ಸಂಜೆಯ ಬಿಸಿಲು ತೆಂಗಿನ ಸುಳಿಗೆ ಏರಿದ ಮೇಲೆ ಹತ್ತು ಮರಿಗಳನ್ನು ಮಾತ್ರ ಹೊರಗೆ ಬಿಟ್ಟೆ. ಉಳಿದವು ಒಳಗೇ. ಒಳಗಿದ್ದವು ಕೂಗುತ್ತಲೇ ಇದ್ದವು, ಹೊರಗಿದ್ದವು ಆ ಸದ್ದು ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ನಾವು ಮೊದಲೇ ಯೋಚಿಸಿದ್ದಲ್ಲ ಅದು, ನೋಡಿ ಗೊತ್ತಾದದ್ದು. ಬೆಳಕು ಮಾಸುವ ಮುಂಚೆ ಬಲ್ಬು ಹಾಕಿದೆ. ಅವ್ವ ಬಾಗಿಲ ಒಳಗೆ ನಿಂತು ಡಬ್ಬಿಯಲ್ಲಿ ರಾಗಿ ಅಲ್ಲಾಡಿಸಿ, "ಬೋ ಬೋ ಬೋ," ಎಂದಳು. ಏಳು ಒಳಗೆ ಬಂದವು. ಉಳಿದ ಮೂರನ್ನು ದಾಸವಾಳದ ಬೇಲಿಯಲ್ಲಿ ಹುಡುಕಿ ಕೈಯಲ್ಲಿ ಎತ್ತಿ ತಂದು, ಒಳಗಿನ ಅಡ್ಡಕೋಲಿನ ಮೇಲೆಯೇ ಕೂರಿಸಿದೆವು.

ಮರುದಿನ ಬೇರೆ ಹತ್ತು, ಅದರ ಜೊತೆ ಹಿಂದಿನ ದಿನ ತಾವಾಗಿ ಬಂದವು. ಬಂದವು ದಾರಿ ತೋರಿಸುತ್ತವೆ ಎಂದು ಅತ್ತಿಗೆಯ ವಾದ. ನಿಜವೂ ಆಯಿತು. ಒಂದು ಸಂಜೆ ಗುಡುಗಿಗೆ ಬೆದರಿ ಚೆಲ್ಲಾಪಿಲ್ಲಿಯಾದವು, ಅವತ್ತು ಮೂವರೂ ನೆನೆದುಕೊಂಡು ಗರಿ ಗುಡ್ಲುಗಳನ್ನು ತಡಕಿದೆವು. ಇನ್ನೊಂದು ದಿನ ಮುಂಗುಸಿ ಒಂದನ್ನು ಹಿಡಿಯಿತು. ಅದಾದ ಮೇಲೆ ಬಲೆಯ ಬುಡಕ್ಕೆ ಕಲ್ಲು ಜೋಡಿಸಿದೆ. ಹದ್ದು ಬಂದಾಗ ಅವ್ವ ತಾಯಿ ಕೋಳಿಯ ಹಾಗೇ ಗಂಟಲಲ್ಲಿ ಒಂದು ಸದ್ದು ಮಾಡುತ್ತಿದ್ದಳು. ಮರಿಗಳು ಗುಡ್ಲಿಗೆ ಓಡುವುದನ್ನು ಕಲಿತವು. ನೀನೂ ಮಾಡು ಎಂದಳು, ನನಗೆ ಬರಲಿಲ್ಲ. ನಾಯಿಗಳಿಗೆ ಮರಿಗಳು ಸತ್ತ ದಿನದಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ನನ್ನ ಸದ್ದು ಕೇಳಿ ಅವಳು ನಕ್ಕಳು, ನಾನೂ ನಕ್ಕೆ.

ಎಲ್ಲ ಮರಿಗಳೂ ಹೊರಗೆ ಹೋಗುವಷ್ಟಾದ ಮೇಲೆ, ಬಾಗಿಲು ತೆರೆಯುವ ಹೊತ್ತನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹಿಂದಕ್ಕೆ ತಂದೆವು. ಸಂಜೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ. ಬಲ್ಬಿಗೆ ಮೊದಲು ಸಣ್ಣದು ಹಾಕಿ, ಆಮೇಲೆ ಅದಕ್ಕೆ ಹಳೆ ಬಟ್ಟೆ ಮರೆ ಕಟ್ಟಿ, ಕೊನೆಗೆ ಹಾಕುವುದನ್ನೇ ನಿಲ್ಲಿಸಿದೆ. ಹೀಗೆ ಮಾಡುವಾಗ ಒಂದು ದಿನ ಅವಸರ ಮಾಡಿದರೆ ಎರಡು ದಿನ ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಅತ್ತಿಗೆ ಕಂಪನಿಯಿಂದ ಬಂದವರು ಬ್ಯಾಗು ಇಟ್ಟು ನೇರ ತೋಟಕ್ಕೆ ಬರುತ್ತಿದ್ದರು. ಕೂರಲು ಅವ್ವ ಒಂದು ಸ್ಟೂಲು ಹಾಕಿಡುತ್ತಿದ್ದಳು.

ಸೂಪರ್‌ವೈಸರಿನ ಫೋನು ಬಂದದ್ದು ಅಂಥ ಒಂದು ಸಂಜೆ. ಕೋಳಿಗಳು ಇನ್ನೂ ತೋಟದಲ್ಲಿದ್ದವು. ಅತ್ತಿಗೆ ಸ್ಪೀಕರ್ ಹಾಕಿದರು.

"ಏನಮ್ಮ, ನಾಳೆ ಲಿಸ್ಟ್ ಕಳ್ಸ್ಬೇಕು. ನಿನ್ ಹೆಸ್ರು ಬರ್ಕಳ್ಳಾ ಬೇಡ್ವಾ?"

"ಸ್ವಲ್ಪ ಹೊತ್ತು ಬಿಟ್ಟು ಹೇಳ್ತೀನಿ ಸಾರ್," ಎಂದು ಫೋನು ಇಟ್ಟರು.

ಯಾರೂ ಡಬ್ಬಿ ಮುಟ್ಟಲಿಲ್ಲ. ಯಾರೂ ಏಳಲಿಲ್ಲ. ಕೂಗಬೇಡ ಎಂದು ಅತ್ತಿಗೆ ಅವ್ವನ ಕೈ ಹಿಡಿದು ಕೂರಿಸಿಕೊಂಡಿದ್ದರು. ಆ ಕಡೆ ಲೇಔಟಿನ ಲೈಟು ಹತ್ತಿತು. ಕೋಳಿಗಳು ತಲೆ ಎತ್ತಿ ನೋಡಿದವು. ಒಂದು ಹುಂಜ, ಇನ್ನೂ ಸರಿಯಾಗಿ ಕೂಗಲು ಬಾರದ್ದು, ಶೆಡ್ಡಿನ ಕಡೆ ನಡೆಯಿತು. ಅದರ ಹಿಂದೆ ನಾಲ್ಕಾರು. ಆಮೇಲೆ ಸಾಲಾಗಿ ಎಲ್ಲವೂ ಆ ಕತ್ತಲ ಬಾಗಿಲೊಳಗೆ ಹೋಗಿ, ಅಡ್ಡಕೋಲಿನ ಮೇಲೆ ಜಾಗಕ್ಕೆ ಜಗಳವಾಡಿ ಕೂತವು. ಒಂದೂ ಬೇಲಿ ಕಡೆ ಹೋಗಲಿಲ್ಲ.

ತಂದದ್ದರಲ್ಲಿ ಅರ್ಧವೂ ಉಳಿದಿರಲಿಲ್ಲ. ನಾನು ಅದನ್ನೇ ಹೇಳಿದೆ, ಇಷ್ಟರಲ್ಲಿ ಆಗುತ್ತಾ ಅತ್ತಿಗೆ, ಯೋಚನೆ ಮಾಡಿ ಎಂದು. ಅತ್ತಿಗೆ ಎದ್ದು, ಮಂಡಿ ಹಿಡಿದುಕೊಂಡು ನಿಧಾನ ಹೋಗಿ ಬಾಗಿಲು ಎಳೆದು ಚಿಲಕ ಹಾಕಿದರು. ಬಂದು ನನ್ನ ಪಕ್ಕ ಕೂತರು.

"ನಾಳೆಯಿಂದ ನೀನು ಬರ್ಬೇಡ," ಎಂದರು.

ಕೇಳಿ ನನಗೆ ಚುರುಕ್ ಎಂದಿತು. ಇಷ್ಟು ದಿನ ದುಡಿದು ಸತ್ತಿದ್ದಕ್ಕೆ ಇದಾ ಮರ್ಯಾದೆ ಎಂದುಕೊಂಡೆ.

"ಯಾಕತ್ತಿಗೆ?"

"ಮನೇಲಿ ಮಲಕ್ಕೊ. ನಿನ್ ಮುಖ ನೋಡ್ಕಂಡಿದೀಯಾ?" ಎಂದು ಫೋನು ಕೈಗೆತ್ತಿಕೊಂಡರು. "ಬೆಳಿಗ್ಗೆ ಬಾಗ್ಲು ತೆಗೆಯಾಕೆ ನಾನು ಮನೇಲೇ ಇರ್ತೀನಿ."